ತುದಿಯ ತುಂಡು

ಅಮ್ಮನ ಚಮಚದ ಮೇಲೆ ಕುಳಿತ ತುದಿಯ ತುಂಡು ಊಟದ ಮೇಜಿನ ಈ ಕಡೆಗೇ ಬರುತ್ತಿತ್ತು. ಟ್ರೂಡಿ ತನ್ನ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ ಕಾದಳು. ತುಂಡು ಹತ್ತಿರ ಬಂತು. ಇನ್ನೇನು ಇಳಿಯಬೇಕು, ಆದರೆ ಇಳಿಯಲಿಲ್ಲ. ಅವಳ ತಟ್ಟೆಯನ್ನು ದಾಟಿ ಹೋಗಿ ಮಾರ್ನಿಯ ತಟ್ಟೆಯಲ್ಲಿ ಕುಳಿತುಬಿಟ್ಟಿತು.

"ಅಮ್ಮಾ!"

"ಏನೇ?"

"ಅದು ನನ್ದು!"

ಅಪ್ಪ ಆಲೂಗಡ್ಡೆ ಬಡಿಸಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿದ. ಡೊರೀನ್ ಚಿಕ್ಕಮ್ಮ ತಲೆ ತಗ್ಗಿಸಿದಳು. ಅಮ್ಮ ಮಾತ್ರ ಏನೂ ಆಗಿಲ್ಲ ಎನ್ನುವ ಹಾಗೆ ಟ್ರೂಡಿಯ ತಟ್ಟೆಗೆ ನಡುವಿನ ತುಂಡೊಂದನ್ನು ಹಾಕಿದಳು.

ಕೆಸ್ಲರ್ ಮನೆಯಲ್ಲಿ ಗುರುವಾರ ಎಂದರೆ ಮೀಟ್‌ಲೋಫ್. ಕೈಮಾ, ಈರುಳ್ಳಿ, ಮೊಟ್ಟೆ, ಹಾಲಲ್ಲಿ ನೆನೆದ ಉಪ್ಪು ಬಿಸ್ಕತ್ತು ಎಲ್ಲ ಸೇರಿ, ಓವನ್‌ನಲ್ಲಿ ಬೆಂದು ಇಟ್ಟಿಗೆಯ ಹಾಗೆ ಹೊರಗೆ ಬರುತ್ತಿತ್ತು. ಆ ಇಟ್ಟಿಗೆ ಎಷ್ಟೇ ಉದ್ದ ಇರಲಿ, ಅದಕ್ಕೆ ತುದಿ ಎರಡೇ. ನಡುವಿನ ತುಂಡುಗಳು ಮೆತ್ತಗೆ. ತುದಿಯ ತುಂಡಿಗೆ ಮಾತ್ರ ಮೇಲೆ, ಪಕ್ಕದಲ್ಲಿ, ಮುಂದುಗಡೆ, ಎಲ್ಲ ಕಡೆಯೂ ಕೆಚಪ್ಪು ಮತ್ತು ಕಂದು ಸಕ್ಕರೆ ಸುಟ್ಟು ಅಂಟಿಕೊಂಡು, ಕಚ್ಚಿದರೆ ಕರುಂ ಎನ್ನುತ್ತದೆ.

ಒಂದು ತುದಿ ಅಪ್ಪನಿಗೆ, ಇನ್ನೊಂದು ಟ್ರೂಡಿಗೆ. ಅಜ್ಜಿ, ಅಂದರೆ ಅಪ್ಪನ ಅಮ್ಮ, ಅವಳದು ಹಲ್ಲಿನ ಸೆಟ್ಟು, ಅವಳಿಗೆ ನಡುವಿನದೇ ಸರಿ. ಅಮ್ಮ ಯಾವಾಗಲೂ "ನನಗೆ ನಡುವಿನದೇ ಇಷ್ಟ" ಅನ್ನುತ್ತಿದ್ದಳು. ಟ್ರೂಡಿಗೆ ಹಲ್ಲು ಬಂದಾಗಿನಿಂದ ಇದೇ ನಡೆದುಕೊಂಡು ಬಂದಿತ್ತು.

ಆಮೇಲೆ ಮಿಸಿಸಿಪ್ಪಿ ನದಿ ಉಕ್ಕಿತು. ಒಡ್ಡು ದಾಟಿ ಕೆಳಗಿನ ಬೀದಿಗೆ ನುಗ್ಗಿ, ಡೊರೀನ್ ಚಿಕ್ಕಮ್ಮನ ಮನೆಯ ಕಿಟಕಿಯವರೆಗೆ ಏರಿತು. ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಮಾರ್ನಿ ಅವಳ ಮಗಳು, ಟ್ರೂಡಿಗಿಂತ ಒಂದು ವರ್ಷ ಚಿಕ್ಕವಳು. ಚಿಕ್ಕಪ್ಪ ಲಾರಿ ಓಡಿಸುವವನು, ತಿಂಗಳಲ್ಲಿ ಬಹುಪಾಲು ದಾರಿಯ ಮೇಲೇ ಇರುತ್ತಾನೆ. ಹಾಗಾಗಿ ತಾಯಿ ಮಗಳಿಬ್ಬರೂ ಒಂದೊಂದು ಚೀಲ ಹಿಡಿದು ಗುಡ್ಡದ ಮೇಲಿನ ಈ ಮನೆಗೆ ಬಂದರು.

ಅಂದಿನಿಂದ ಟ್ರೂಡಿಗೆ ಅರ್ಧ ಕೋಣೆ, ಅರ್ಧ ಮಂಚ, ಅರ್ಧ ಕಪಾಟು. ಹೊದಿಕೆಯಂತೂ ಅರ್ಧವೂ ಇಲ್ಲ. ಮಾರ್ನಿ ನಿದ್ದೆಯಲ್ಲಿ ಎಲ್ಲವನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಟ್ರೂಡಿ ಹಲ್ಲು ಕಚ್ಚಿಕೊಂಡು ಸಹಿಸಿದ್ದಳು. ನೆರೆಯಲ್ಲಿ ಮನೆ ಕಳೆದುಕೊಂಡವರ ಹತ್ತಿರ ಹೊದಿಕೆಗೆ ಜಗಳ ಆಡೋಕಾಗುತ್ತದೆಯೇ? ಆದರೆ ತುದಿಯ ತುಂಡು?

"ಟ್ರೂಡಿ, ತುದಿ ಯಾರಿಗೆ ಅಂತ ಹೇಳೋದು ಮಾಡಿದೋರು" ಎಂದಳು ಅಮ್ಮ. "ನಮ್ಮಮ್ಮನ ಮನೇಲೂ ಹಾಗೇ ಇತ್ತು. ಇಲ್ಲೂ ಹಾಗೇ. ಇವತ್ತು ಮಾಡಿದ್ದು ನಾನು."

"ಹಾಗಾದ್ರೆ ಮುಂದಿನ ಗುರುವಾರ ನಾನು ಮಾಡ್ತೀನಿ."

ಅಪ್ಪನಿಗೆ ನೀರು ನೆತ್ತಿಗೇರಿತು. "ನೀನಾ? ಬ್ರೆಡ್ ಟೋಸ್ಟ್ ಮಾಡೋಕೆ ಹೋಗಿ ಬೀದಿಗೆಲ್ಲ ಕೇಳೋ ಹಾಗೆ ಹೊಗೆಯ ಅಲಾರಂ ಹೊಡೆಸಿದೋಳು?"

"ಅದು ಟೋಸ್ಟರ್ ತಪ್ಪು."

"ಮಾಡ್ಲಿ ಬಿಡು" ಎಂದಳು ಅಜ್ಜಿ. "ನಾನಿದೀನಲ್ಲ."

ಟ್ರೂಡಿ ಮಾರ್ನಿಯ ಕಡೆ ನೋಡಿದಳು. ಮಾರ್ನಿಗೆ ಈ ಮಾತು ಯಾವುದೂ ಕೇಳಿಸಿದ ಹಾಗಿರಲಿಲ್ಲ. ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದಳು. ಕೊನೆಗೆ ತಟ್ಟೆಗೆ ಅಂಟಿದ್ದ ಕರಕಲನ್ನೂ ಬೆರಳಲ್ಲಿ ಕೆರೆದು ಬಾಯಿಗೆ ಹಾಕಿಕೊಂಡಳು. ಹೊಟ್ಟೆಬಾಕಿ ಅಂದುಕೊಂಡಳು ಟ್ರೂಡಿ. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಟ್ರೂಡಿ ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ವಾರವೆಲ್ಲ ಅವಳ ತಲೆಯಲ್ಲಿ ಒಂದೇ ಯೋಚನೆ. ಮಾಡುವವಳು ನಾನು. ಹೇಳುವವಳೂ ನಾನು. ಒಂದು ತುದಿ ಅಪ್ಪನಿಗೆ, ಒಂದು ನನಗೆ. ಮಾರ್ನಿಗೆ ನಡುವಿನದು, ಅದರಲ್ಲೂ ಎಲ್ಲಕ್ಕಿಂತ ನಡುವಿನದು.

ಗುರುವಾರ ಬಂತು. ಅಮ್ಮ ವೃದ್ಧಾಶ್ರಮದ ನರ್ಸ್ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು ಎರಡು ಮಾತು ಹೇಳಿದಳು. "ಅಜ್ಜಿ ಪಕ್ಕದಲ್ಲಿಲ್ದೆ ಓವನ್ ಮುಟ್ಬಾರ್ದು. ಆರು ಗಂಟೆಗೆ ಊಟ ಮೇಜಿನ ಮೇಲಿರ್ಬೇಕು. ನಿಮ್ಮಪ್ಪ, ಚಿಕ್ಕಮ್ಮ ಇಡೀ ದಿನ ನೀರಿಳಿದ ಆ ಮನೇಲಿ ಕೆಸರು ಬಳಿದು ಹಸ್ಕೊಂಡು ಬರ್ತಾರೆ. ಏಳಕ್ಕೆ ಅಪ್ಪಂಗೆ ಕಾರ್ಖಾನೇಲಿ ರಾತ್ರಿ ಪಾಳಿ. ಗೊತ್ತಾಯ್ತಾ?"

"ಗೊತ್ತು ಅಮ್ಮ. ಹೋಗು ನೀನು."

ಅಜ್ಜಿ ಅಡುಗೆ ಮನೆಯ ಕುರ್ಚಿಯಲ್ಲಿ ಸಿಂಹಾಸನ ಹೂಡಿದಳು. ಅವಳ ಬಲಗೈಗೆ ಬಿಳಿ ಪ್ಲಾಸ್ಟರ್ ಹಾಕಿತ್ತು. ಒಡ್ಡಿಗೆ ಮರಳಿನ ಮೂಟೆ ಜೋಡಿಸುವಾಗ, ಈ ವಯಸ್ಸಲ್ಲಿ ಮೂಟೆ ಎತ್ತಬೇಡ ಎಂದು ಊರೇ ಹೇಳಿತ್ತು. "ನದಿ ನನ್ನ ವಯಸ್ಸು ಕೇಳ್ಕೊಂಡು ಬರುತ್ತಾ?" ಎಂದು ಕೇಳಿ ಎತ್ತಿದ್ದಳು. ನಾಲ್ಕನೇ ಮೂಟೆಗೆ ಮಣಿಕಟ್ಟು ಮುರಿಯಿತು.

"ಮೊದ್ಲು ಈರುಳ್ಳಿ" ಎಂದಳು ಅಜ್ಜಿ. "ಸಣ್ಣಗೆ. ಇನ್ನೂ ಸಣ್ಣಗೆ. ಅದೇನು ಕುದುರೆಗೆ ಹಾಕ್ತೀಯಾ?"

ಟ್ರೂಡಿಯ ಕಣ್ಣಿಂದ ನೀರು ಸುರಿಯಿತು. ಮೂಗಿಂದಲೂ ಸುರಿಯಿತು. ತೋಳಲ್ಲಿ ಒರೆಸಿಕೊಳ್ಳುತ್ತಾ ಕೊಚ್ಚಿದಳು.

ಬಾಗಿಲ ಹತ್ತಿರ ಮಾರ್ನಿ ಬಂದು ನಿಂತಳು. "ನಾನೇನಾದ್ರೂ ಮಾಡ್ಲಾ?"

"ಬೇಡ."

"ಬಿಸ್ಕತ್ತು ಪುಡಿ ಮಾಡ್ಲಾ?"

"ಬೇಡ ಅಂದ್ನಲ್ಲ!"

ಟ್ರೂಡಿಯ ಲೆಕ್ಕ ಸರಿಯಾಗಿಯೇ ಇತ್ತು. ಕೈ ಹಾಕಿದರೆ ಮಾರ್ನಿಯೂ ಮಾಡಿದವಳಾಗುತ್ತಾಳೆ. ಆಮೇಲೆ ತುದಿಯ ವಿಷಯದಲ್ಲಿ ಅವಳೂ ಬಾಯಿ ಹಾಕಬಹುದು. ಅಜ್ಜಿ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದಳು. ಮಾರ್ನಿ ಹೋಗಿ ಹೊರಗೆ ಮೆಟ್ಟಿಲ ಮೇಲೆ ಕುಳಿತಳು.

ಬಿಸ್ಕತ್ತು ಹಾಲಲ್ಲಿ ನೆನೆಯಿತು. ಮೊಟ್ಟೆಯ ಜೊತೆ ಅದರ ಚಿಪ್ಪೂ ಬಟ್ಟಲಿಗೆ ಬಿತ್ತು. ಚಿಪ್ಪು ಬೆರಳಿಗೆ ಸಿಗದೆ ಆ ಕಡೆ ಈ ಕಡೆ ಜಾರಿ ಆಟ ಆಡಿಸಿತು. ಕೊನೆಗೆ ಕೈಮಾ ಬಿತ್ತು. ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದು. ಕೈ ಹಾಕಿದ ಕೂಡಲೇ ಬೆರಳು ಮರಗಟ್ಟಿತು. ಟ್ರೂಡಿ ಬಿಡಲಿಲ್ಲ. ಎರಡೂ ಕೈಯಲ್ಲಿ ಬಲವಾಗಿ ಹಿಸುಕತೊಡಗಿದಳು.

"ಅಯ್ಯೋ, ಹಿಸುಕ್ಬೇಡ್ವೇ! ಬಟ್ಟೆ ಒಗೀತಿದೀಯಾ? ಹಿಸುಕಿದ್ರೆ ಬೆಂದ ಮೇಲೆ ಚಪ್ಪಲಿ ಆಗುತ್ತೆ. ಕೆಳಗಿನದು ಮೇಲೆ, ಮೇಲಿನದು ಕೆಳಗೆ, ಅಷ್ಟೇ. ಮಗೂನ ಎತ್ಕೊಂಡ ಹಾಗೆ."

"ಹೀಗಾ?"

"ಹಾಂ, ಹಾಗೆ. ಇನ್ನು ಉಪ್ಪು, ಮೆಣಸಿನ ಪುಡಿ. ಬಿಸ್ಕತ್ತಲ್ಲಿ ಉಪ್ಪಿದೆ ಅಂತ ಬಿಟ್ಬಿಡ್ಬೇಡ. ಹಾಕಿ, ಟಿನ್ನಿಗೆ ತುಂಬು. ಟಿನ್ ಎಲ್ಲಿ?"

ಉಪ್ಪಿನ ಡಬ್ಬಿಯ ಕಡೆ ಹೋಗಿದ್ದ ಟ್ರೂಡಿಯ ಕೈ ಅರ್ಧದಲ್ಲೇ ನಿಂತಿತು. ಟಿನ್! ಅವಳು ಕೈ ತೊಳೆದುಕೊಂಡು ಕಪಾಟು ತೆಗೆದಳು. ಉದ್ದನೆಯ ಲೋಫ್ ಟಿನ್ ಇರುವ ಜಾಗ ಖಾಲಿ ಇತ್ತು. ಓವನ್ ಒಳಗೆ ನೋಡಿದಳು. ಸಿಂಕಿನ ಕೆಳಗೆ ನೋಡಿದಳು. ಎಲ್ಲೂ ಇಲ್ಲ.

"ಅಯ್ಯೋ ದೇವ್ರೇ!" ಅಜ್ಜಿ ಪ್ಲಾಸ್ಟರಿನ ಕೈಯಲ್ಲೇ ಹಣೆ ಬಡಿದುಕೊಂಡು ನೋವಿಗೆ ಮುಖ ಕಿವುಚಿದಳು. "ಅದು ಚರ್ಚಲ್ಲಿದೆ ಕಣೇ. ಭಾನುವಾರ ಕೆಸರು ಬಳಿಯೋಕೆ ಬಂದೋರ ಊಟಕ್ಕೆ ಅಂತ ನಿಮ್ಮಮ್ಮ ಅದ್ರಲ್ಲೇ ಮಾಡಿ ಕಳಿಸಿದ್ಳಲ್ಲ!"

ಟ್ರೂಡಿ ಗಡಿಯಾರ ನೋಡಿದಳು. ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ ಫ್ರಿಜ್‌ನಲ್ಲಿಟ್ಟು, ಸೈಕಲ್ ಹತ್ತಿ ಇಳಿಜಾರಲ್ಲಿ ಬ್ರೇಕ್ ಹಿಡಿಯದೆ ಹೊರಟೇಬಿಟ್ಟಳು.

ಚರ್ಚಿನ ನೆಲಮಾಳಿಗೆಯ ಅಡುಗೆ ಮನೆಯಲ್ಲಿ ಒಂದು ಉದ್ದ ಮೇಜಿತ್ತು. ಅದರ ಮೇಲೆ ಮಾಲೀಕರಿಗಾಗಿ ಕಾಯುತ್ತಿರುವ ಪಾತ್ರೆಗಳ ಸಾಲಿತ್ತು. ಆ ಊರಲ್ಲಿ ಯಾರೂ ಹೆಸರಿಲ್ಲದ ಪಾತ್ರೆಯನ್ನು ಚರ್ಚಿಗೆ ಕಳಿಸುವುದಿಲ್ಲ. ಪಾತ್ರೆಯ ತಳಕ್ಕೆ ಬಿಳಿ ಟೇಪು ಅಂಟಿಸಿ ಹೆಸರು ಬರೆದೇ ಕಳಿಸುತ್ತಾರೆ. ಟ್ರೂಡಿ ಒಂದೊಂದನ್ನೇ ತಲೆಕೆಳಗು ಮಾಡಿ ಓದಿದಳು. ಲಿಂಡ್‌ಕ್ವಿಸ್ಟ್. ಬ್ರಾಂಟ್. ಮತ್ತೆ ಬ್ರಾಂಟ್. ಕೆಸ್ಲರ್ ಇಲ್ಲ.

"ಏನ್ ಹುಡುಕ್ತಿದೀಯಮ್ಮ?" ಚರ್ಚಿನ ಅಡುಗೆ ನೋಡಿಕೊಳ್ಳುವ ಮಿಸೆಸ್ ಹಾಲ್ವರ್ಸನ್ ಕೈ ಒರೆಸಿಕೊಳ್ಳುತ್ತಾ ಬಂದರು.

"ನಮ್ಮ ಲೋಫ್ ಟಿನ್. ಅಮ್ಮ ಭಾನುವಾರ ಕಳಿಸಿದ್ದು."

"ಓ ಅದಾ! ಆಚೆ ದಡದಿಂದ ಬಂದಿದ್ರಲ್ಲ ಹುಡುಗ್ರು, ನಿಮ್ಮಮ್ಮನ ಮೀಟ್‌ಲೋಫ್ ಎಷ್ಟು ಹಿಡಿಸ್ತು ಅಂದ್ರೆ, ಉಳಿದಿದ್ದನ್ನ ಟಿನ್ ಸಮೇತ ಎತ್ಕೊಂಡು ಹೋದ್ರು. ಬರುತ್ತೆ ಬಿಡು. ಹೆಸರಿದ್ಯಲ್ಲ."

"ನನಗೆ ಇವತ್ತೇ ಬೇಕು."

"ಹಾಗಾದ್ರೆ ಬ್ರಾಂಟ್ ಅವರದ್ದು ತಗೊಂಡು ಹೋಗು. ಅವರೇನೂ ಅನ್ಕೊಳ್ಳಲ್ಲ."

ಟ್ರೂಡಿ ಬ್ರಾಂಟರ ಟಿನ್ ಕೈಗೆ ತೆಗೆದುಕೊಂಡಳು. ಅಳತೆಗೆ ಸರಿಯಾಗಿತ್ತು. ಆದರೆ ಇನ್ನೊಬ್ಬರ ಹೆಸರಿರುವ ಪಾತ್ರೆಯಲ್ಲಿ ಅಡುಗೆ ಮಾಡುವುದೂ ಒಂದೇ, ಇನ್ನೊಬ್ಬರ ಚಪ್ಪಲಿ ಹಾಕಿಕೊಂಡು ಮನೆಗೆ ಬರುವುದೂ ಒಂದೇ. ಅಜ್ಜಿಯಂತೂ ಅದನ್ನು ಹೊಸಿಲು ದಾಟಿಸುವುದಿಲ್ಲ. ಟ್ರೂಡಿ ಅದನ್ನು ಹಾಗೇ ಕೆಳಗಿಟ್ಟಳು.

ಆಗ ಸಾಲಿನ ಕೊನೆಯಲ್ಲಿ, ಗೋಡೆಗೆ ಒರಗಿಸಿಟ್ಟ ಅಗಲವಾದ ಗಾಜಿನ ಟ್ರೇ ಕಾಣಿಸಿತು. ಧೂಳು ಹಿಡಿದಿತ್ತು. ತಿರುಗಿಸಿದಳು. ಟೇಪಿನ ಮೇಲೆ ನೀಲಿ ಅಕ್ಷರದಲ್ಲಿ ಡೊರೀನ್ ಎಂದಿತ್ತು.

"ಅದು ಈಸ್ಟರ್ ಊಟದಿಂದ ಇಲ್ಲೇ ಇದೆ" ಎಂದರು ಮಿಸೆಸ್ ಹಾಲ್ವರ್ಸನ್. "ನಿಮ್ಮ ಚಿಕ್ಕಮ್ಮಂಗೆ ಹೇಳೋಣ ಅನ್ನೋಷ್ಟರಲ್ಲಿ ನೀರೇ ಬಂತು."

ಚಿಕ್ಕಮ್ಮನ ಹೆಸರೆಂದರೆ ಮನೆಯವರದೇ ಹೆಸರು. ಟ್ರೂಡಿ ಟ್ರೇಯನ್ನು ಸೈಕಲ್ಲಿನ ಬುಟ್ಟಿಯಲ್ಲಿಟ್ಟುಕೊಂಡು, ಏರಿನಲ್ಲಿ ತಳ್ಳುತ್ತಾ ಏದುಸಿರು ಬಿಡುತ್ತಾ ಮನೆ ಸೇರಿದಳು.

ಮಾರ್ನಿ ಇನ್ನೂ ಮೆಟ್ಟಿಲ ಮೇಲೇ ಇದ್ದಳು. ಬುಟ್ಟಿಯಲ್ಲಿದ್ದುದನ್ನು ನೋಡಿ ತಟ್ಟನೆ ಎದ್ದಳು.

"ಅದು ನಮ್ದು!"

"ಗೊತ್ತು. ಒಂದ್ಸಲಕ್ಕೆ ಅಷ್ಟೇ, ವಾಪಸ್ ಕೊಡ್ತೀನಿ" ಎಂದಳು ಟ್ರೂಡಿ ಬಿರುಸಾಗಿ.

ಮಾರ್ನಿಗೆ ಆ ಬಿರುಸು ತಾಗಲೇ ಇಲ್ಲ. ಟ್ರೇಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ತಿರುಗಿಸಿ ಟೇಪಿನ ಮೇಲೆ ಬೆರಳಾಡಿಸಿದಳು. "ನಾನೇ ಬರೆದಿದ್ದು ಇದು" ಎಂದಳು. "ಅಮ್ಮ ಎಲ್ಲಾ ಹೋಯ್ತು ಅಂದಿದ್ಳು. ಲೋಟ, ತಟ್ಟೆ, ಒಲೆ, ಎಲ್ಲಾ. ಒಲೆ ಒಳಗೆ ಮೀನು ಇತ್ತಂತೆ."

ಟ್ರೂಡಿ ನಗಬೇಕೆಂದುಕೊಂಡಳು. ಮಾರ್ನಿಯ ಮುಖ ನೋಡಿ ನಗು ಬರಲಿಲ್ಲ. ಒಂದು ಮನೆಯ ಇಡೀ ಅಡುಗೆ ಮನೆಯಲ್ಲಿ ಉಳಿದದ್ದು ಇದೊಂದೇ ಎಂಬುದು ಅವಳಿಗೆ ಆಗ ಹೊಳೆಯಿತು. ಅರ್ಧ ಕಪಾಟು ಕೊಟ್ಟೆ ಎಂದು ತಾನು ಇಷ್ಟು ದಿನ ಮುಖ ಊದಿಸಿಕೊಂಡಿದ್ದು ನೆನಪಾಗಿ ಒಂಥರಾ ಆಯಿತು.

ಆದರೆ ಗಡಿಯಾರ ಯಾರ ಮುಖವನ್ನೂ ನೋಡುವುದಿಲ್ಲ. ಅಡುಗೆ ಮನೆಯಲ್ಲಿ ಅಜ್ಜಿ ಟ್ರೇ ನೋಡಿ ತಲೆ ಆಡಿಸಿದಳು. "ಇದು ಬಹಳ ಅಗಲ ಆಯ್ತಲ್ಲೇ. ಟಿನ್ನಾದ್ರೆ ಆಕಾರ ತಾನೇ ಬರುತ್ತೆ. ಇದ್ರಲ್ಲಿ ಕೈಯಲ್ಲೇ ಕಟ್ಬೇಕು. ಅದೂ ಅಲ್ದೆ ಅಷ್ಟು ದಪ್ಪದ್ದು ಬೇಯೋಕೆ ಒಂದೂಕಾಲು ಗಂಟೆ ಬೇಕು. ಆರಕ್ಕೆ ಆಗಲ್ಲ. ಇವತ್ತಿಗೆ ಬಿಡು, ಸ್ಯಾಂಡ್‌ವಿಚ್ ಮಾಡೋಣ."

"ಇಲ್ಲ" ಎಂದಳು ಟ್ರೂಡಿ.

"ಹಟ ಮಾಡಿದ್ರೆ ಓವನ್ ಬೇಗ ಬೇಯ್ಸುತ್ತಾ?"

"ಸ್ಯಾಂಡ್‌ವಿಚ್ ಮಾಡಲ್ಲ ಅಜ್ಜಿ. ಮೀಟ್‌ಲೋಫೇ ಮಾಡೋದು."

ಆಗ ಬಾಗಿಲಿನಿಂದ ಮಾರ್ನಿ ಮೆಲ್ಲಗೆ ಹೇಳಿದಳು. "ನಮ್ಮನೇಲಿ ಇದ್ರಲ್ಲಿ ಎರಡು ಮಾಡ್ತಿದ್ವಿ. ಚಿಕ್ಕ ಚಿಕ್ಕದು, ಪಕ್ಕ ಪಕ್ಕ. ಬೇಗ ಬೇಯುತ್ತೆ." ಸ್ವಲ್ಪ ತಡೆದು ಸೇರಿಸಿದಳು. "ಮತ್ತೆ ನಾಲ್ಕು ತುದಿ ಇರುತ್ತೆ. ನಾವಿದ್ದಿದ್ದು ಮೂರೇ ಜನ. ಎಲ್ಲರಿಗೂ ತುದಿ."

ಟ್ರೂಡಿ ಅವಳನ್ನೇ ನೋಡಿದಳು. ಕಳೆದ ಗುರುವಾರ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದ ಮಾರ್ನಿ ನೆನಪಾದಳು. ಅವಳು ತಿನ್ನುತ್ತಿದ್ದುದು ಟ್ರೂಡಿಯ ತುಂಡನ್ನಲ್ಲ, ತನ್ನ ಮನೆಯದನ್ನು.

"ನಿಂತ್ಕೊಂಡೇ ಇರ್ತೀಯಾ?" ಎಂದಳು ಟ್ರೂಡಿ. "ಕೈ ತೊಳ್ಕೊಂಡು ಬಾ. ಒಂದು ನೀನು, ಒಂದು ನಾನು."

ಅಜ್ಜಿ ಕಿಟಕಿಯ ಕಡೆ ತಿರುಗಿ ಮೀಸೆಯಲ್ಲೇ ನಕ್ಕಳು. ನಿಜ, ಅಜ್ಜಿಗೆ ಸಣ್ಣದೊಂದು ಮೀಸೆ ಇತ್ತು, ಅದನ್ನು ಯಾರೂ ಹೇಳುವಂತಿರಲಿಲ್ಲ.

ಆಮೇಲೆ ಅಡುಗೆ ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಬಟ್ಟಲು ಫ್ರಿಜ್‌ನಿಂದ ಈಚೆ ಬಂತು. ಇಬ್ಬರೂ ಅರ್ಧರ್ಧ ತೆಗೆದುಕೊಂಡು ಟ್ರೇಯಲ್ಲಿ ಕಟ್ಟಿದರು. ಟ್ರೂಡಿಯದು ಗೆರೆ ಎಳೆದ ಹಾಗೆ ನೇರ. ಮಾರ್ನಿಯದು ಒಂದು ಕಡೆ ಬಾಗಿತ್ತು.

"ನಿನ್ದು ಬಾಳೆಹಣ್ಣು."

"ನಿನ್ದು ಶವಪೆಟ್ಟಿಗೆ."

ಇಬ್ಬರಿಗೂ ನಗು ಬಂತು. ಕೆಚಪ್ಪು, ಕಂದು ಸಕ್ಕರೆ, ಒಂದು ಚಮಚ ವಿನಿಗರ್ ಕಲಸಿ ಮೇಲೆ ಬಳಿದರು. ಅಜ್ಜಿ ಪಕ್ಕದಲ್ಲಿ ನಿಂತು "ಹುಷಾರು, ಹುಷಾರು" ಎನ್ನುತ್ತಿರಲು ಟ್ರೇ ಓವನ್ ಸೇರಿತು. ಮಾರ್ನಿ ಆಲೂಗಡ್ಡೆ ಸುಲಿದಳು. ಟ್ರೂಡಿ ಬೀನ್ಸ್ ಡಬ್ಬಿ ತೆರೆದು ಬಿಸಿಗಿಟ್ಟಳು. ಸ್ವಲ್ಪ ಹೊತ್ತಿಗೆ ಸುಟ್ಟ ಸಕ್ಕರೆಯ ಪರಿಮಳ ಎದ್ದಿತು. ಟ್ರೂಡಿ ಓವನ್ನಿನ ಗಾಜಿಗೆ ಮೂಗು ತಾಗಿಸುವಷ್ಟು ಹತ್ತಿರ ಕುಳಿತು ನೋಡಿದಳು. ನಾಲ್ಕು ತುದಿ. ಅಪ್ಪನಿಗೆ, ಮಾರ್ನಿಗೆ, ಚಿಕ್ಕಮ್ಮನಿಗೆ, ನನಗೆ. ಬಲಗಡೆಯದು ಎಲ್ಲಕ್ಕಿಂತ ಚೆನ್ನಾಗಿ ಕಪ್ಪಗಾಗಿತ್ತು. ಅದು ನನಗೆ.

ಆರಕ್ಕೆ ಸರಿಯಾಗಿ ಅಪ್ಪ, ಚಿಕ್ಕಮ್ಮ ಬಂದರು. ಕೆಸರಿನ ಬೂಟುಗಳನ್ನು ಹೊರಗೇ ಬಿಟ್ಟರೂ ಕೆಸರು ಅವರ ಕೂದಲಲ್ಲೂ ಇತ್ತು. ಹಿಂದೆಯೇ ಅಮ್ಮ ನರ್ಸ್ ಬಟ್ಟೆಯಲ್ಲೇ ಬಂದಳು. ಟ್ರೂಡಿ ದಪ್ಪ ಕೈಗವಸು ಹಾಕಿಕೊಂಡು ಟ್ರೇಯನ್ನು ಮೇಜಿನ ಮೇಲಿಟ್ಟಳು.

ಡೊರೀನ್ ಚಿಕ್ಕಮ್ಮ ಕುರ್ಚಿ ಎಳೆಯುತ್ತಿದ್ದವಳು ಹಾಗೇ ನಿಂತಳು. "ಇದು... ಇದೆಲ್ಲಿ ಸಿಕ್ತೇ?"

"ಚರ್ಚಲ್ಲಿ. ಈಸ್ಟರ್‌ನಿಂದ ಅಲ್ಲೇ ಇತ್ತು ಚಿಕ್ಕಮ್ಮ."

ಚಿಕ್ಕಮ್ಮ ಬಿಸಿ ಟ್ರೇಯ ಅಂಚನ್ನು ಒಂದು ಬೆರಳಲ್ಲಿ ಮುಟ್ಟಿ ಚುರ್ರೆಂದು ಹಿಂದಕ್ಕೆಳೆದುಕೊಂಡಳು. ಆಮೇಲೆ ನಕ್ಕಳು. ನಗುನಗುತ್ತಲೇ ಅತ್ತಳು. ಮಾರ್ನಿ ಹೋಗಿ ಅವಳ ಸೊಂಟ ತಬ್ಬಿಕೊಂಡಳು. ಅಮ್ಮ ತಂಗಿಯ ಬೆನ್ನು ಸವರಿದಳು. ಏನು ಮಾಡಬೇಕೆಂದು ತೋಚದೆ ಅಪ್ಪ ಚಾಕು ಎತ್ತಿಕೊಂಡ.

"ಅಪ್ಪ, ಚಾಕು ಕೆಳಗಿಡು!"

"ಯಾಕೇ?"

"ಹತ್ತು ನಿಮಿಷ ಸುಮ್ನೆ ಬಿಡ್ಬೇಕು. ಈಗ ಕೊಯ್ದ್ರೆ ಪುಡಿಪುಡಿ ಆಗುತ್ತೆ."

"ಹೊಟ್ಟೆ ತಾಳ ಹಾಕ್ತಿದೆ ಕಣೇ. ಏಳಕ್ಕೆ ಪಾಳಿ ಬೇರೆ."

"ಹಾಕ್ಲಿ. ಯಾರೂ ಮುಟ್ಟೋ ಹಾಗಿಲ್ಲ."

ಟ್ರೂಡಿ ಟ್ರೇಯ ಮುಂದೆ ಕೈಕಟ್ಟಿ ನಿಂತಳು. ಐದು ಜನ ತಟ್ಟೆಯ ಮುಂದೆ ಸುಮ್ಮನೆ ಕುಳಿತು ಗಡಿಯಾರ ನೋಡಿದರು. ಒಮ್ಮೆ ಅಪ್ಪನ ಹೊಟ್ಟೆ ಗುರ್ ಎಂದಿತು. ಯಾರೂ ನಗಲಿಲ್ಲ, ಧೈರ್ಯ ಬರಲಿಲ್ಲ. ಕೊನೆಗೆ ಅವಳೇ ಕೊಯ್ದಳು. ಒಂದು ತುಂಡೂ ಮುರಿಯಲಿಲ್ಲ.

"ಸರಿ" ಎಂದಳು ಅಮ್ಮ. "ಮಾಡಿದೋಳೇ, ಹೇಳು. ತುದಿ ಯಾರಿಗೆ?"

ಈ ಪ್ರಶ್ನೆಗಾಗಿ ಟ್ರೂಡಿ ಇಡೀ ವಾರ ಕಾದಿದ್ದಳು. "ನಾವಿಬ್ರೂ ಮಾಡಿದ್ದು" ಎಂದು ತಿದ್ದಿ, ಬಡಿಸತೊಡಗಿದಳು. ಒಂದು ಅಪ್ಪನ ತಟ್ಟೆಗೆ. ಒಂದು ಮಾರ್ನಿಗೆ. ಒಂದು ಚಿಕ್ಕಮ್ಮನಿಗೆ. ಎಲ್ಲಕ್ಕಿಂತ ಕಪ್ಪಗಾಗಿದ್ದ ನಾಲ್ಕನೆಯದು ತನ್ನ ತಟ್ಟೆಗೆ. ಅಜ್ಜಿಗೆ ನಡುವಿನದು.

"ನನಗೂ ನಡುವಿನದು ಹಾಕು" ಎಂದು ಅಮ್ಮ ತಟ್ಟೆ ಚಾಚಿದಳು. "ನನಗೆ ನಡುವಿನದೇ ಇಷ್ಟ."

ಡೊರೀನ್ ಚಿಕ್ಕಮ್ಮ ಗೊಳ್ಳೆಂದು ನಕ್ಕುಬಿಟ್ಟಳು. "ನಿನಗಾ, ಜಿನ್ನಿ ಅಕ್ಕಾ? ನಡುವಿನದಾ? ಯಾರ ಕಿವಿಗೆ ಹೂವು ಇಡ್ತಿದೀಯ?" ತನ್ನ ಎಡಗೈಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಬೆರಳುಗಳ ಹಿಂದೆ ನಾಲ್ಕು ಚುಕ್ಕೆ ಒಂದೇ ಸಾಲಿನಲ್ಲಿದ್ದವು, ಹಳೆಯ ಬಿಳಿ ಗುರುತುಗಳು. "ನೋಡ್ರೇ ಹುಡುಗೀರಾ. ಫೋರ್ಕಲ್ಲಿ ಚುಚ್ಚಿದ್ದು ಇವಳು. ನಮ್ಮಮ್ಮ ತುದಿ ನನ್ನ ತಟ್ಟೆಗೆ ಹಾಕಿದ್ಳು ಅಂತ. ಆಗ ಇವಳಿಗೆ ಟ್ರೂಡಿಯಷ್ಟೇ ವಯಸ್ಸು. ನಮ್ಮ ಬೀದೀಲಿ ತುದಿಗೆ ಇವಳಷ್ಟು ಸಾಯೋರು ಇನ್ನೊಬ್ರಿರ್ಲಿಲ್ಲ!"

ಅಪ್ಪನ ಬಾಯಿಗೆ ಹೊರಟಿದ್ದ ತುಂಡು ಅಲ್ಲೇ ನಿಂತಿತು. "ಏನು? ಇಷ್ಟು ವರ್ಷ ನಾನು..."

"ಯಾವ ಕಾಲದ ಮಾತು ತೆಗೀತೀಯೇ" ಎಂದಳು ಅಮ್ಮ. ಅವಳ ಕಿವಿ ಕೆಂಪಗಾಗಿತ್ತು. "ಆರಿಹೋಗುತ್ತೆ, ಎಲ್ರೂ ಊಟ ಮಾಡಿ."

ಟ್ರೂಡಿ ತನ್ನ ತಟ್ಟೆ ನೋಡಿದಳು. ಪ್ರತಿ ಗುರುವಾರ ಮಾಡಿದವಳು ಅಮ್ಮ. ಮಾಡಿದವರೇ ಹೇಳಬೇಕು. ಅಂದರೆ ಪ್ರತಿ ಗುರುವಾರವೂ ಅಮ್ಮ ತುದಿ ನಿಮಗೆ ಎಂದು ಹೇಳುತ್ತಲೇ ಇದ್ದಳು. ಟ್ರೂಡಿಗೆ ಅದು ಇವತ್ತು ಕೇಳಿಸಿತು.

ಅವಳು ಎದ್ದು ತನ್ನ ತಟ್ಟೆಯನ್ನು ಅಮ್ಮನ ಮುಂದಿಟ್ಟಳು. ಅಮ್ಮನ ಕೈಯಲ್ಲಿದ್ದ ಖಾಲಿ ತಟ್ಟೆಯನ್ನು ತೆಗೆದುಕೊಂಡಳು.

"ಏನೇ ಇದು? ತಗೋ ನಿನ್ದು."

"ಹೇಳೋದು ಮಾಡಿದೋರು" ಎಂದಳು ಟ್ರೂಡಿ.

"ಮತ್ತೆ ನಿನಗೆ?"

ಟ್ರೂಡಿ ಟ್ರೇಯಿಂದ ಒಂದು ತುಂಡು ಬಡಿಸಿಕೊಂಡಳು. "ನನಗೆ ನಡುವಿನದೇ ಇಷ್ಟ."

ಅಮ್ಮ ಅವಳನ್ನು ಬಹಳ ಹೊತ್ತು ನೋಡಿದಳು. ತುದಿಯನ್ನು ಕಚ್ಚಿದಳು. ಕರುಂ ಎಂದ ಸದ್ದು ಟ್ರೂಡಿಗೂ ಕೇಳಿಸಿತು. ಅಮ್ಮನ ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು, ಥೇಟ್ ಮಾರ್ನಿಯ ಹಾಗೆ.

"ಅದ್ಭುತವಾಗಿದೆ!" ಎಂದ ಅಪ್ಪ ಬಾಯಿ ತುಂಬಿಕೊಂಡು.

"ನಮ್ಮನೇದೇ ರುಚಿ" ಎಂದಳು ಚಿಕ್ಕಮ್ಮ.

ಟ್ರೂಡಿ ತನ್ನ ನಡುವಿನ ತುಂಡನ್ನು ಬಾಯಿಗಿಟ್ಟಳು. ಅಗಿದಳು. ಇನ್ನೊಮ್ಮೆ ಅಗಿದಳು. ಅವಳ ಕಣ್ಣು ದೊಡ್ಡದಾಯಿತು. ಉಪ್ಪು! ಉಪ್ಪಿನ ಡಬ್ಬಿಯ ಕಡೆ ಹೋಗಿದ್ದ ಕೈ ಟಿನ್ ಹುಡುಕಲು ಹೋಗಿದ್ದೇ ಹೋಗಿದ್ದು, ವಾಪಸ್ ಬಂದಿರಲೇ ಇಲ್ಲ. ತುದಿ ತಿಂದವರಿಗೆ ಕೆಚಪ್ಪಿನ ಭರದಲ್ಲಿ ಗೊತ್ತಾಗಿರಲಿಲ್ಲ. ಅಥವಾ 'ನಮ್ಮನೇದೇ ರುಚಿ' ಅಂದದ್ದೂ, 'ನಡುವಿನದೇ ಇಷ್ಟ' ಅನ್ನುವಂಥದ್ದೇ ಇರಬಹುದು. ಟ್ರೂಡಿ ಮೆಲ್ಲಗೆ ಪಕ್ಕಕ್ಕೆ ತಿರುಗಿದಳು.

ಅಜ್ಜಿ ತನ್ನ ನಡುವಿನ ತುಂಡನ್ನು ಅರ್ಧ ಮುಗಿಸಿದ್ದಳು. ಉಳಿದರ್ಧದ ಮೇಲೆ ಬಿಳಿಯ ಹರಳುಗಳು ಮಿನುಗುತ್ತಿದ್ದವು. ಅವಳು ಟ್ರೂಡಿಯ ಕಡೆ ನೋಡಲೂ ಇಲ್ಲ. ಒಳ್ಳೆಯ ಕೈಯಿಂದ ಉಪ್ಪಿನ ಡಬ್ಬಿಯನ್ನು ಮೇಜಿನ ಮೇಲೆ ಸದ್ದಿಲ್ಲದೆ ಅವಳ ಕಡೆಗೆ ಸರಿಸಿದಳು.